ಕೊಂಡಿಯ ಮೇಲಿನ ಭಾರ

ಬೆಂಗಳೂರಿನ ರೈಲು ನಿಲ್ದಾಣಗಳ ಮುಂದೆ ಜಟಕಾ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲವನ್ನು ಕಂಡವರು ಈಗ ವಿರಳ. ಆದರೆ ಆ ಗಾಡಿಯಲ್ಲಿ ಒಮ್ಮೆಯಾದರೂ ಕುಳಿತವರು ಒಂದು ಮಾತನ್ನು ಮರೆತಿರಲಾರರು. ಅಜ್ಜಿ, ಮೊಮ್ಮಕ್ಕಳು, ಹಾಸಿಗೆಯ ಸುರುಳಿ, ಹಿತ್ತಾಳೆಯ ಕೊಡ, ಟ್ರಂಕು ಎಲ್ಲವೂ ಒಳಗೆ ಸೇರಿದ ಮೇಲೆ ಗಾಡಿಯವನು ಲಗಾಮು ಹಿಡಿಯುವುದಕ್ಕೆ ಮೊದಲು ಒಮ್ಮೆ ಹಿಂದಿರುಗಿ ನೋಡಿ, “ಸ್ವಾಮೀ, ಸ್ವಲ್ಪ ಮುಂದಕ್ಕೆ ಬನ್ನಿ, ಅಮ್ಮಾವ್ರೇ, ಆ ಟ್ರಂಕು ಈ ಕಡೆಗೆ ತಳ್ಳಿ” ಎನ್ನುತ್ತಿದ್ದ. ಒಳಗಿದ್ದವರು ಗೊಣಗುತ್ತ ಸರಿಯುತ್ತಿದ್ದರು. ಅವರಿಗೆ ಅದು ಗಾಡಿಯವನ ಕಿರುಕುಳವೆನಿಸುತ್ತಿತ್ತು. ಅವನ ಲಕ್ಷ್ಯವಿದ್ದುದು ಕುದುರೆಯ ಬೆನ್ನಿನ ಮೇಲೆ. ಎರಡು ಚಕ್ರದ ಗಾಡಿಯಲ್ಲಿ ಭಾರವೆಲ್ಲ ಅಚ್ಚಿನ ಹಿಂದಕ್ಕೆ ಬಿದ್ದರೆ ಮುಂದಿನ ಮರಗಳು ಮೇಲಕ್ಕೆದ್ದು, ಹೊಟ್ಟೆಯ ಪಟ್ಟಿ ಕುದುರೆಯನ್ನು ನೆಲದಿಂದ ಎತ್ತುವಂತೆ ಬಿಗಿಯುತ್ತದೆ. ಕಾಲು ಊರಲಾರದ ಕುದುರೆ ಎಳೆಯುವುದೆಂತು? ಭಾರವೆಲ್ಲ ಮುಂದಕ್ಕೆ ಬಿದ್ದರೆ ಅದರ ಬೆನ್ನು ಕುಸಿಯುತ್ತದೆ, ಇಳಿಜಾರಿನಲ್ಲಿ ಮುಗ್ಗರಿಸುತ್ತದೆ. ಗಾಡಿಯವನು ಬಯಸುತ್ತಿದ್ದುದು ಇವೆರಡರ ನಡುವಿನ ಒಂದು ಹದವನ್ನು.

ಯಲಹಂಕದ ಸುತ್ತಿನ ಹಳ್ಳಿಗಳಲ್ಲಿ ರಾಗಿಯ ಹುಲ್ಲನ್ನು ಹೇರುತ್ತಿದ್ದ ರೈತನಿಗೂ ಈ ಹದ ಗೊತ್ತಿತ್ತು. ಎತ್ತುಗಳನ್ನು ಹೂಡುವುದಕ್ಕೆ ಮುನ್ನ ಅವನು ಗಾಡಿಯ ಮೂಕಿಯನ್ನು ಒಮ್ಮೆ ಕೈಯಿಂದ ಎತ್ತಿ ನೋಡುತ್ತಿದ್ದ. ಅದು ಹಗುರವಾಗಿ ಮೇಲೆದ್ದರೆ ಎರಡು ಕಂತೆಯನ್ನು ಮುಂದಕ್ಕೆ ಹಾಕುತ್ತಿದ್ದ. ಎತ್ತಲು ತ್ರಾಣ ಸಾಲದಿದ್ದರೆ ಹಿಂದಕ್ಕೆ. ತಕ್ಕಡಿ ಇಲ್ಲ, ಲೆಕ್ಕವಿಲ್ಲ. ತೋಳೇ ತೂಕದ ಯಂತ್ರ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ೧೯೭೦ರ ದಶಕದಲ್ಲಿ ಎತ್ತಿನ ಗಾಡಿಯನ್ನೇ ಅಧ್ಯಯನದ ವಿಷಯವಾಗಿ ಎತ್ತಿಕೊಂಡು, ನೊಗದ ಭಾರದಿಂದ ಎತ್ತಿನ ಕೊರಳಿಗಾಗುವ ಗಾಯವನ್ನೂ ಚಕ್ರ ಮತ್ತು ಅಚ್ಚುಗಳ ದೋಷಗಳನ್ನೂ ದೇಶದ ಗಮನಕ್ಕೆ ತಂದರು. ಆಡಳಿತ ಶಾಸ್ತ್ರದ ಪಂಡಿತರಿಗೆ ಎತ್ತಿನ ಗಾಡಿ ಏತಕ್ಕೆ ಎಂದು ನಗುವವರು ನಗಬಹುದು. ಎಳೆಯುವವನ ಮೇಲೆ ಎಷ್ಟು ಭಾರ ಬೀಳಬೇಕೆಂಬ ಪ್ರಶ್ನೆ ಮಾತ್ರ ಎತ್ತಿನ ಜೊತೆಗೆ ಮುಗಿದು ಹೋಗಲಿಲ್ಲ. ಮೋಟಾರು ಬಂದ ಮೇಲೆ ಅದು ಇನ್ನಷ್ಟು ಕಠಿಣವಾಯಿತು. ಎತ್ತು ನೋವಾದರೆ ನಿಂತುಬಿಡುತ್ತದೆ. ಮೋಟಾರು ನಿಲ್ಲುವುದಿಲ್ಲ.

ಆರ್. ಟಿ. ನಗರದ, ಯಲಹಂಕ ಉಪನಗರದ ಎಷ್ಟೋ ಮನೆಗಳಿಂದ ತಂದೆತಾಯಿಗಳು ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ಹೋಗಿ ಕೆಲವು ತಿಂಗಳು ಇದ್ದು ಬರುವುದು ಈಗ ವಾಡಿಕೆಯಾಗಿದೆ. ಅಲ್ಲಿ ಬೇಸಗೆಯ ರಜೆ ಬಂದಿತೆಂದರೆ ಕೆಲವು ಮಕ್ಕಳು ‘ಟ್ರಾವೆಲ್ ಟ್ರೈಲರ್’ ಒಂದನ್ನು ಬಾಡಿಗೆಗೆ ತಂದು ಮನೆಯ ಮುಂದೆ ನಿಲ್ಲಿಸುತ್ತಾರೆ. ಅದು ಎಂಜಿನ್ ಇಲ್ಲದ, ಚಕ್ರದ ಮೇಲಿನ ಒಂದು ಮನೆ. ಏಳೆಂಟು ಮೀಟರ್ ಉದ್ದ. ಒಳಗೆ ಮಂಚ, ಒಲೆ, ಸ್ನಾನದ ಕೋಣೆ, ನೀರಿನ ತೊಟ್ಟಿ. ಸಾಮಾನು ತುಂಬಿದ ಮೇಲೆ ಎರಡೂವರೆ ಮೂರು ಸಾವಿರ ಕಿಲೋ ತೂಗುತ್ತದೆ. ಇದನ್ನು ಮೋಟಾರಿನ ಹಿಂಬದಿಯ ಉಕ್ಕಿನ ಗುಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು. ಊರಿನಿಂದ ಬಂದ ತಾಯಿ ಅಡಿಗೆ ಮನೆಯನ್ನು ನೋಡಿ ಸಂತೋಷಪಡುತ್ತಿರುವಾಗ, ತಂದೆಯ ಕಣ್ಣು ಬೇರೆ ಕಡೆಗೆ ಹೋಗುತ್ತದೆ: ಟ್ರೈಲರನ್ನು ಸಿಕ್ಕಿಸಿದೊಡನೆ ಮೋಟಾರಿನ ಹಿಂಭಾಗ ಕುಗ್ಗಿ, ಮೂತಿ ಆಕಾಶವನ್ನು ನೋಡುತ್ತಿದೆಯಲ್ಲ! ಬಾಲ್ಯದಲ್ಲಿ ಜಟಕಾ ಏರಿದ್ದವರಾದರೆ ಅವರಿಗೆ ಆ ಕ್ಷಣದಲ್ಲಿ “ಸ್ವಾಮೀ, ಸ್ವಲ್ಪ ಮುಂದಕ್ಕೆ ಬನ್ನಿ” ಎಂಬ ಮಾತು ನೆನಪಾದೀತು.

ಇಂಥ ಟ್ರೈಲರ್ ಮನೆಗಳು ಭಾರತವನ್ನು ಒಮ್ಮೆ ಹಾದು ಹೋದುದುಂಟು. ೧೯೬೩-೬೪ರಲ್ಲಿ ಅಮೆರಿಕದ ‘ಏರ್‌ಸ್ಟ್ರೀಮ್’ ಟ್ರೈಲರುಗಳ ಒಂದು ದೊಡ್ಡ ತಂಡ ಸಿಂಗಪುರದಿಂದ ಹೊರಟು, ಭಾರತವನ್ನೂ ದಾಟಿ, ಪೋರ್ಚುಗಲ್ ದೇಶದವರೆಗೆ ಸಂಚರಿಸಿತು. ಬೆಳ್ಳಿಯ ಬಣ್ಣದ ಆ ಬಂಡಿಗಳ ಸಾಲನ್ನು ದಾರಿಯ ಜನ ಎಷ್ಟು ಬೆರಗಿನಿಂದ ನೋಡಿದ್ದಾರು! ಆದರೆ ಆ ಪದ್ಧತಿ ಇಲ್ಲಿ ಬೇರೂರಲಿಲ್ಲ. ಕೇರಳ ಸರಕಾರ ೨೦೨೧ರಲ್ಲಿ ‘ಕೇರವಾನ್ ಕೇರಳ’ ಎಂಬ ಯೋಜನೆಯನ್ನು ಸಾರಿದಾಗಲೂ ಅದರ ಕಲ್ಪನೆಯಲ್ಲಿದ್ದುದು ಬಸ್ಸಿನಂತೆ ತಾನೇ ಓಡುವ ಮನೆಗಳು, ಎಳೆದುಕೊಂಡು ಹೋಗುವವಲ್ಲ. ಇಲ್ಲಿನ ರಸ್ತೆಗಳನ್ನು ಬಲ್ಲವರು ಅದನ್ನು ವಿವೇಕವೆಂದೇ ಹೇಳಿಯಾರು. ಹೆಬ್ಬಾಳದ ಮೇಲ್ಸೇತುವೆಯ ಸಂಜೆಯ ಸಂದಣಿಯಲ್ಲಿ ಎಂಟು ಮೀಟರಿನ ಬಾಲವೊಂದನ್ನು ಕಟ್ಟಿಕೊಂಡು ಪಥ ಬದಲಿಸುವ ಸಾಹಸ ಯಾರಿಗೆ ಬೇಕು?

ಆದರೂ ಟ್ರೈಲರ್ ಮನೆಯ ಕೊಂಡಿಯನ್ನು ಅರಿತುಕೊಂಡರೆ, ಉತ್ತರ ಬೆಂಗಳೂರಿನ ಬೀದಿಯಲ್ಲಿ ದಿನವೂ ಕಾಣುವ ಕೆಲವು ಅಪಾಯಗಳ ಮರ್ಮವೂ ತಿಳಿಯುತ್ತದೆ. ಕೊಂಡಿಗಳೆಲ್ಲ ಒಂದೇ ತೆರನಲ್ಲ. ಯಶವಂತಪುರದ ನಿಲ್ದಾಣದಲ್ಲಿ ನಿಂತು ರೈಲಿನ ಡಬ್ಬಿಗಳನ್ನು ನೋಡಬೇಕು. ಒಂದೊಂದು ಡಬ್ಬಿಯೂ ತನ್ನ ಗಾಲಿಗಳ ಮೇಲೆ ತಾನೇ ನಿಂತಿದೆ. ಕೊಂಡಿಗೆ ಎಳೆತವುಂಟು, ತಳ್ಳುವಿಕೆಯುಂಟು, ಹೊರೆಯಿಲ್ಲ. ಡಬ್ಬಿಯ ಭಾರವನ್ನೆಲ್ಲ ಹೊರುವುದು ಗಾಲಿ ಮತ್ತು ಅಚ್ಚು. ಯಲಹಂಕದಲ್ಲಿ ೧೯೮೪ರಲ್ಲಿ ರಾಷ್ಟ್ರಕ್ಕೆ ಅರ್ಪಿತವಾದ ಕಾರ್ಖಾನೆ ರೈಲುಗಳಿಗಾಗಿ ತಯಾರಿಸುವುದು ಇವುಗಳನ್ನೇ. ಇನ್ನು ತುಮಕೂರು ರಸ್ತೆಯಲ್ಲಿ ಹೋಗುವ ಕಂಟೇನರ್ ಲಾರಿಗಳು. ಅಲ್ಲಿ ಹಿಂದಿನ ಪೆಟ್ಟಿಗೆಯ ಮೂತಿ ಮುಂದಿನ ಎಂಜಿನ್ ಗಾಡಿಯ ಬೆನ್ನಿನ ಮೇಲೆ, ಬಹುಮಟ್ಟಿಗೆ ಅದರ ಹಿಂದಿನ ಅಚ್ಚಿನ ನೇರಕ್ಕೆ, ಕುಳಿತಿರುತ್ತದೆ. ಹೊರೆ ಬಹಳ, ಆದರೆ ಅದು ಬೀಳುವುದು ಹೊರಬಲ್ಲ ಜಾಗದಲ್ಲಿ. ತೊಂದರೆಯಿರುವುದು ಮೋಟಾರಿನ ಹಿಂದಿನ ಗುಂಡಿನಲ್ಲಿ. ಅದು ಹಿಂದಿನ ಅಚ್ಚಿಗಿಂತ ಒಂದು ಮೀಟರಿಗೂ ಹೆಚ್ಚು ಹಿಂದೆ ಚಾಚಿಕೊಂಡಿದೆ. ಅದರ ಮೇಲೆ ಭಾರ ಹೇರುವುದೆಂದರೆ ಏತದ ಮರದ ಒಂದು ತುದಿಯ ಮೇಲೆ ಕಾಲಿಟ್ಟಂತೆ.

ಬಾವಿಯ ಏತವನ್ನು ಕಾಣದ ಮಕ್ಕಳಿಗೆ ಉದ್ಯಾನದ ಸೀ-ಸಾ ಹಲಗೆಯಾದರೂ ಪರಿಚಿತ. ಒಂದು ತುದಿ ಇಳಿದರೆ ಇನ್ನೊಂದು ತುದಿ ಏರಬೇಕು. ಇಲ್ಲಿ ಆನಿಕೆಯ ಕಂಬ ಮೋಟಾರಿನ ಹಿಂದಿನ ಚಕ್ರ. ಲೆಕ್ಕವೂ ಸುಲಭ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ೩ ಮೀಟರ್. ಹಿಂದಿನ ಚಕ್ರದಿಂದ ಗುಂಡಿಗೆ ೧.೨ ಮೀಟರ್, ೨,೫೦೦ ಕಿಲೋ ತೂಗುವ ಟ್ರೈಲರ್ ಆ ಗುಂಡಿನ ಮೇಲೆ ೩೦೦ ಕಿಲೋ ಭಾರವನ್ನು ಇರಿಸಿದೆ ಎಂದು ಭಾವಿಸಿದರೆ, ೩೦೦ನ್ನು ೧.೨ರಿಂದ ಗುಣಿಸಿ ೩ರಿಂದ ಭಾಗಿಸಿದಾಗ ೧೨೦ ಬರುತ್ತದೆ. ಅಷ್ಟು ಕಿಲೋ ಭಾರ ಮುಂದಿನ ಚಕ್ರಗಳಿಂದ ಎದ್ದು ಹೋಗುತ್ತದೆ. ಹಿಂದಿನ ಚಕ್ರಗಳ ಮೇಲೆ ಗುಂಡಿನ ೩೦೦ ಮಾತ್ರವಲ್ಲ, ಮುಂದಿನಿಂದ ಓಡಿಬಂದ ೧೨೦ ಕೂಡ ಸೇರಿ ೪೨೦ ಕಿಲೋ ಹೆಚ್ಚುತ್ತದೆ. ಹೊರೆ ಮುನ್ನೂರು, ಕೂಲಿ ನಾನೂರಿಪ್ಪತ್ತು.

ಮೂತಿ ಮೇಲೆದ್ದರೆ ನೋಡುವುದಕ್ಕೆ ವಿಕಾರ, ಅಷ್ಟೇ ತಾನೆ ಎಂದು ಕೆಲವರು ಸುಮ್ಮನಾಗುತ್ತಾರೆ. ಅದು ದೊಡ್ಡ ತಪ್ಪು. ಮೋಟಾರನ್ನು ತಿರುಗಿಸುವುದು ಮುಂದಿನ ಚಕ್ರ. ಬ್ರೇಕು ಹಾಕಿದಾಗ ಹೆಚ್ಚಿನ ಕೆಲಸ ಮಾಡುವುದೂ ಅದೇ. ಚಕ್ರ ನೆಲವನ್ನು ಕಚ್ಚಿ ಹಿಡಿಯುವುದು ತನ್ನ ಮೇಲಿರುವ ಭಾರದ ಬಲದಿಂದ. ಆ ಭಾರ ಹೋದರೆ ಸ್ಟೀರಿಂಗ್ ತಿರುಗಿದರೂ ಮೋಟಾರು ತಿರುಗಲು ತಡಮಾಡುತ್ತದೆ. ಒಣ ರಸ್ತೆಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಮೊದಲ ಮಳೆ ಬಿದ್ದು ರಸ್ತೆ ಎಣ್ಣೆ ಸವರಿದಂತಿರುವಾಗ, ಇಳಿಜಾರಿನ ಒಂದು ತಿರುವಿನಲ್ಲಿ, ಹೆಂಡತಿ ಮಕ್ಕಳು ಹಿಂದೆ ಕುಳಿತು ಹರಟುತ್ತಿರುವಾಗ ಗೊತ್ತಾಗುತ್ತದೆ. ರಾತ್ರಿಯ ವೇಳೆ ಇನ್ನೊಂದು ಅನರ್ಥ. ಮೂತಿಯೊಡನೆ ದೀಪಗಳೂ ಮೇಲಕ್ಕೇಳುವುದರಿಂದ ಬೆಳಕು ರಸ್ತೆಯನ್ನು ಬಿಟ್ಟು ಎದುರಿನಿಂದ ಬರುವವನ ಕಣ್ಣಿಗೆ ಹೊಡೆಯುತ್ತದೆ. ಬಳ್ಳಾರಿ ರಸ್ತೆಯಲ್ಲಿ ರಾತ್ರಿ ಮೋಟಾರು ನಡೆಸಿದವರಿಗೆ ಆ ಕುರುಡು ಕ್ಷಣವನ್ನು ವಿವರಿಸಬೇಕಾದುದಿಲ್ಲ.

ಹಾಗಿದ್ದರೆ ಟ್ರೈಲರಿನ ಸಾಮಾನನ್ನು ಹಿಂದಕ್ಕೆ ಸರಿಸಿ ಗುಂಡಿನ ಮೇಲಿನ ಭಾರವನ್ನೇ ಇಳಿಸಿಬಿಟ್ಟರಾಯಿತಲ್ಲ? ಮೋಟಾರು ಸಮನಾಗಿ ನಿಲ್ಲುತ್ತದೆ, ಮೂತಿ ಇಳಿಯುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ. ಇದಕ್ಕಿಂತ ಮೋಸದ ಉಪಾಯ ಬೇರೊಂದಿಲ್ಲ. ಮೂತಿ ಹಗುರವಾದ ಟ್ರೈಲರ್ ವೇಗ ಹೆಚ್ಚಿದಂತೆ ಬಾಲ ಬೀಸತೊಡಗುತ್ತದೆ. ಪಕ್ಕದಲ್ಲಿ ಒಂದು ದೊಡ್ಡ ಬಸ್ಸು ಹಾದು ಹೋದ ಗಾಳಿಯ ಹೊಡೆತವೇ ಸಾಕು. ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ, ಪ್ರತಿ ಸಲವೂ ಮೊದಲಿಗಿಂತ ಹೆಚ್ಚು. ಹೆದರಿದ ಚಾಲಕನು ಸ್ಟೀರಿಂಗನ್ನು ಅತ್ತಿತ್ತ ತಿರುಗಿಸಿದರೆ ಆ ಓಲಾಟಕ್ಕೆ ತಾನೇ ತಾಳ ಹಾಕಿದಂತಾಗುತ್ತದೆ. ಇಳಿಜಾರಿನಲ್ಲಿ ಇದು ಆರಂಭವಾದರೆ ಕೊನೆಗೆ ಟ್ರೈಲರೇ ಮೋಟಾರನ್ನು ತಿರುಗಿಸಿ ಕೆಡವುತ್ತದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಂಜಿನಿಯರುಗಳು ಈ ಓಲಾಟವನ್ನು ಅಧ್ಯಯನ ಮಾಡಿದ್ದಾರೆ. ಮೂತಿಯ ಭಾರದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯುಂಟು: ಭಾರದ ವಸ್ತುಗಳನ್ನು ಎರಡು ಕೊನೆಗಳಲ್ಲಿ ಇರಿಸಿದರೆ, ತಕ್ಕಡಿ ಸಮವಾಗಿ ಕಂಡರೂ, ಓಲಾಟವನ್ನು ಅಡಗಿಸುವುದು ಕಷ್ಟವಾಗುತ್ತದೆ. ಎರಡು ತುದಿಗೂ ಕೊಡ ಕಟ್ಟಿದ ಅಡ್ಡೆಯನ್ನು ಹೆಗಲ ಮೇಲೆ ಹೊತ್ತು ಥಟ್ಟನೆ ತಿರುಗಿದವನನ್ನು ಕೇಳಿದರೆ ಇದರ ಕಾರಣವನ್ನು ಹೇಳಿಯಾನು. ತಿರುಗತೊಡಗಿದ ಅಡ್ಡೆ ಬೇಗ ನಿಲ್ಲುವುದಿಲ್ಲ.

ಅಮೆರಿಕದ ರೂಢಿಯಲ್ಲಿ ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಗುಂಡಿನ ಮೇಲೆ ಇರತಕ್ಕದ್ದು. ಯೂರೋಪಿನವರು ಇನ್ನೂ ಕಡಿಮೆ ಸಾಕೆನ್ನುತ್ತಾರೆ. ಅವರ ಟ್ರೈಲರ್ ಹಗುರ, ವೇಗದ ಮಿತಿಯೂ ಬಿಗಿ. ದೊಡ್ಡ ಟ್ರೈಲರನ್ನು ಕಟ್ಟಿದವನು ಹೀಗೆ ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಭಾರವಿಟ್ಟರೆ ಮೋಟಾರಿನ ಮೂತಿ ಏಳುತ್ತದೆ, ತೆಗೆದರೆ ಟ್ರೈಲರಿನ ಬಾಲ ಬೀಸುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರವೇ ‘ಭಾರ ಹಂಚುವ ಕೊಂಡಿ’.

ಅದರ ರಚನೆಯಲ್ಲಿ ಮಾಯಾಮಂತ್ರವೇನೂ ಇಲ್ಲ. ಗುಂಡನ್ನು ಹೊತ್ತ ಉಕ್ಕಿನ ತಲೆಯೊಂದು ಮೋಟಾರಿನ ಚೌಕಟ್ಟಿಗೆ ಅಲುಗಾಡದಂತೆ ಬಿಗಿಯಾಗಿರುತ್ತದೆ. ಆ ತಲೆಯಿಂದ ಎರಡು ಬಲವಾದ ಸ್ಪ್ರಿಂಗ್ ಸಲಾಕೆಗಳು ಹೊರಟು ಟ್ರೈಲರಿನ ಮೂತಿಯ ಅಡಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಹಿಂದಕ್ಕೆ ಚಾಚಿಕೊಳ್ಳುತ್ತವೆ. ಅವುಗಳ ಹಿಂದಿನ ತುದಿಯನ್ನು ಸರಪಣಿಯಿಂದ ಮೇಲಕ್ಕೆ ಎಳೆದು ಟ್ರೈಲರಿನ ಚೌಕಟ್ಟಿಗೆ ಬಿಗಿಯುತ್ತಾರೆ. ಸಲಾಕೆ ಬಿಲ್ಲಿನಂತೆ ಬಾಗುತ್ತದೆ. ಕಟ್ಟಡದ ಕೆಲಸದವರು ನೂಕುವ ಒಂಟಿ ಚಕ್ರದ ಕೈಗಾಡಿಯ ಹಿಡಿಗಳನ್ನು ಎತ್ತಿದಾಗ ಏನಾಗುತ್ತದೆ? ಗಾಡಿಯ ಹಿಂಭಾಗ ಮೇಲೆದ್ದು ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ. ಈ ಎರಡು ಸಲಾಕೆಗಳು ಮೋಟಾರಿಗೆ ಹಿಂದಿನಿಂದ ಜೋಡಿಸಿದ ಅಂಥ ಎರಡು ಹಿಡಿಗಳು. ಅವನ್ನು ಸದಾ ಎತ್ತಿ ಹಿಡಿದಿರುವುದು ಮನುಷ್ಯನ ಕೈಯಲ್ಲ, ಟ್ರೈಲರಿನ ಸರಪಣಿ. ಎತ್ತುವವನಿಗೂ ಕಾಲೂರಲು ನೆಲ ಬೇಕಷ್ಟೆ. ಆದುದರಿಂದ ಸರಪಣಿಯ ಜಗ್ಗುವಿಕೆ ಟ್ರೈಲರಿನ ಚಕ್ರಗಳ ಮೇಲೂ ಸ್ವಲ್ಪ ಭಾರವನ್ನು ಹೇರುತ್ತದೆ.

ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಇದರ ಸ್ವಾರಸ್ಯ ತಿಳಿಯುತ್ತದೆ. ಮೋಟಾರಿನ ಹಿಂದಿನ ಚಕ್ರದಿಂದ ಟ್ರೈಲರಿನ ಅಚ್ಚಿಗೆ ೫ ಮೀಟರ್ ದೂರವಿದೆ. ಸಲಾಕೆಗಳನ್ನು ತಕ್ಕಷ್ಟು ಬಿಗಿದಾಗ ಮೋಟಾರಿನ ಮುಂದಿನ ಚಕ್ರಗಳಿಗೆ ೧೦೦ ಕಿಲೋ ಮರಳಿ ಬಂದರೆ, ಟ್ರೈಲರಿನ ಚಕ್ರಗಳ ಮೇಲೆ ೬೦ ಕಿಲೋ ಹೆಚ್ಚುತ್ತದೆ, ಮೋಟಾರಿನ ಹಿಂದಿನ ಚಕ್ರಗಳಿಂದ ೧೬೦ ಕಿಲೋ ಇಳಿಯುತ್ತದೆ. ಮುಂದೆ ೧೨೦ರ ನಷ್ಟವಿದ್ದುದು ಈಗ ೨೦ ಮಾತ್ರ. ಹಿಂದೆ ೪೨೦ರ ಹೊರೆಯಿದ್ದುದು ಈಗ ೨೬೦. ಮೂರನ್ನೂ ಕೂಡಿಸಿ ನೋಡಿದರೆ ಆ ಮೂಲದ ೩೦೦ ಅಲ್ಲೇ ಇದೆ. ಒಂದು ಕಿಲೋ ಕೂಡ ಕರಗಿಲ್ಲ. ಈ ಕೊಂಡಿ ಭಾರವನ್ನು ಕಡಿಮೆ ಮಾಡುವುದಿಲ್ಲ, ಸ್ಥಳಾಂತರಿಸುತ್ತದೆ. ಮಾರುವವರ ಮಾತಿಗೆ ಮರುಳಾಗಿ ಇದರಿಂದ ಮೋಟಾರಿನ ಎಳೆಯುವ ಶಕ್ತಿ ಹೆಚ್ಚಿತೆಂದು ಭಾವಿಸಿ ಇನ್ನಷ್ಟು ದೊಡ್ಡ ಟ್ರೈಲರನ್ನು ಕಟ್ಟುವವರುಂಟು. ಮೋಟಾರಿನ ತಯಾರಕರು ಕೈಪಿಡಿಯಲ್ಲಿ ಮುದ್ರಿಸಿರುವ ಮಿತಿ ಇದರಿಂದ ಹಿಗ್ಗುವುದಿಲ್ಲ. ಆ ಮಿತಿಗೆ ಈ ಕೊಂಡಿ ಬೇಕೇ ಬೇಕೆಂದು ಕೆಲವು ತಯಾರಕರು ವಿಧಿಸುತ್ತಾರೆ, ಇದನ್ನು ಹಾಕಲೇಬಾರದೆಂದು ಬೇರೆ ಕೆಲವರು ಹೇಳುತ್ತಾರೆ. ಮೋಟಾರಿನ ಹಿಂದಿನ ಚೌಕಟ್ಟು ಈ ತಿರುಚುವಿಕೆಯನ್ನು ತಡೆಯುವಂತೆ ಕಟ್ಟಿರಬೇಕು ಎಂಬುದೇ ಅದಕ್ಕೆ ಕಾರಣ.

ಬಿಗಿಯುವುದಕ್ಕೂ ಮಿತಿಯುಂಟು. ಬಿಗಿದಷ್ಟೂ ಒಳ್ಳೆಯದೆಂದು ತಿಳಿದು ಮೋಟಾರಿನ ಮೂತಿಯನ್ನು ನೆಲಕ್ಕೆ ಒತ್ತಿದರೆ ಹಿಂದಿನ ಚಕ್ರಗಳು ಹಗುರವಾಗಿ ಒದ್ದೆಯ ರಸ್ತೆಯಲ್ಲಿ ಪಕ್ಕಕ್ಕೆ ಜಾರುತ್ತವೆ. ಮುಂದಿನ ಚಕ್ರದ ಮೇಲಣ ಕಮಾನು ನೆಲದಿಂದ ಎಷ್ಟು ಎತ್ತರವಿದೆಯೆಂದು ಟ್ರೈಲರ್ ಸಿಕ್ಕಿಸುವ ಮೊದಲು ದರ್ಜಿಯ ಟೇಪಿನಿಂದ ಅಳೆದಿಟ್ಟುಕೊಂಡು, ಬಿಗಿದ ಮೇಲೆ ಅದು ಮೊದಲಿನ ಅಳತೆಯ ಹತ್ತಿರಕ್ಕೆ ಬರುವಂತೆ ಮಾಡುವುದು ಸರಳವಾದ ಕ್ರಮ. ಅದಕ್ಕಿಂತ ಕೆಳಗೆ ಒತ್ತಬಾರದು. ಬಾಗಿದ ಸಲಾಕೆಯಲ್ಲಿ ಭಯಂಕರವಾದ ಬಲ ಅಡಗಿರುತ್ತದೆ. ಅದನ್ನು ತೋಳಿನಿಂದ ಎಳೆದು ಕಟ್ಟಲು ಹೋಗದೆ, ಮೊದಲು ಟ್ರೈಲರಿನ ಮೂತಿಯ ಜಾಕಿಯಿಂದ ಎರಡು ಗಾಡಿಗಳ ಸಂಧಿಯನ್ನೇ ಎತ್ತಿ, ಸಲಾಕೆ ಸಡಿಲವಾಗಿರುವಾಗ ಸರಪಣಿ ಹಾಕಿ, ಅನಂತರ ಇಳಿಸುವುದು ಬಲ್ಲವರ ಪದ್ಧತಿ. ಬಿಚ್ಚುವಾಗಲೂ ಹಾಗೆಯೇ. ಇದನ್ನು ಮರೆತವರ ಮೊಣಕಾಲಿಗೂ ಮುಂಗೈಗೂ ಏಟು ಬೀಳುವುದುಂಟು. ಮಕ್ಕಳನ್ನು ಆ ಹೊತ್ತಿನಲ್ಲಿ ದೂರವಿಡಬೇಕು. ಆಳವಾದ ತಗ್ಗು, ಕಡಿದಾದ ಉಬ್ಬು ಬಂದಾಗ ಎರಡು ಗಾಡಿಗಳ ನಡುವೆ ಕೋನ ಹೆಚ್ಚಿ ಸಲಾಕೆಗಳು ಮುರಿಯುವಷ್ಟು ಬಾಗುತ್ತವೆ. ಬೆಂಗಳೂರಿನ ಬಡಾವಣೆಗಳಲ್ಲಿ ಒಬ್ಬೊಬ್ಬರ ಮನೆಯ ಮುಂದೂ ಒಂದೊಂದು ಅಳತೆಯಲ್ಲಿ ಎದ್ದಿರುವ ರಸ್ತೆ ಉಬ್ಬುಗಳನ್ನು ನೆನೆದರೆ, ಈ ಯಂತ್ರ ಇಲ್ಲಿಗೆ ಬಾರದಿದ್ದುದೇ ಅದರ ಪುಣ್ಯ.

ಓಲಾಟವನ್ನು ಈ ಕೊಂಡಿ ನಿಲ್ಲಿಸುತ್ತದೆಯೇ? ಮೋಟಾರಿನ ಮುಂದಿನ ಚಕ್ರಗಳಿಗೆ ಹಿಡಿತ ಮರಳುವುದರಿಂದ ಸ್ವಲ್ಪ ಸಹಾಯವುಂಟು. ಕೆಲವು ಮಾದರಿಗಳಲ್ಲಿ ತಿಕ್ಕಾಟದಿಂದ ಓಲಾಟವನ್ನು ತಡೆಯುವ ಉಪಕರಣವೂ ಸೇರಿರುತ್ತದೆ. ಆದರೆ ತಪ್ಪಾಗಿ ತುಂಬಿದ ಟ್ರೈಲರನ್ನು ಯಾವ ಕೊಂಡಿಯೂ ಸರಿಪಡಿಸಲಾರದು; ಮತ್ತೆ ಮಾತು ಸಾಮಾನಿಗೇ ಬರುತ್ತದೆ. ಇಲ್ಲಿ ಗೃಹಿಣಿಯ ಕೈ ಇಂಜಿನಿಯರನ ಕೈಗಿಂತ ದೊಡ್ಡದು. ಪ್ರವಾಸಕ್ಕೆ ಏನೇನು ಬೇಕೆಂದು ಗೊತ್ತು ಮಾಡುವವಳೂ ಎಲ್ಲಿ ಏನಿಡಬೇಕೆಂದು ಹೇಳುವವಳೂ ಅವಳೇ. ೨೫ ಕಿಲೋ ಅಕ್ಕಿಯ ಚೀಲ, ಬೇಳೆ, ಎಣ್ಣೆಯ ಡಬ್ಬ, ಕುಕ್ಕರು ಇವೆಲ್ಲ ಕೆಳಗೆ, ಟ್ರೈಲರಿನ ಅಚ್ಚಿನ ಹತ್ತಿರ, ನಡುಭಾಗದಲ್ಲಿ ಇರಬೇಕು. ಹಾಸಿಗೆ, ಬಟ್ಟೆ, ಹಪ್ಪಳ ಸಂಡಿಗೆಗಳ ಡಬ್ಬಗಳು ಮೇಲಿನ ಕಪಾಟಿನಲ್ಲಿ, ಹಿಂದಿನ ಮೂಲೆಯಲ್ಲಿ ಇದ್ದರೂ ಬಾಧಕವಿಲ್ಲ. ನೀರಿನ ತೊಟ್ಟಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಒಂದು ಲೀಟರಿಗೆ ಒಂದು ಕಿಲೋ. ೧೫೦ ಲೀಟರಿನ ತೊಟ್ಟಿ ತುಂಬಿದರೆ ಇಬ್ಬರು ಪೈಲವಾನರು ಏರಿ ಕುಳಿತಂತೆ. ಅದು ಅಚ್ಚಿನ ಹಿಂದೆ ಇದ್ದರೆ ತುಂಬಿದ ದಿನ ಗುಂಡಿನ ಭಾರ ಇಳಿಯುತ್ತದೆ, ಬರಿದಾದ ದಿನ ಏರುತ್ತದೆ. ಹೊರಡುವ ಬೆಳಿಗ್ಗೆ ಮಾಡಿದ ಲೆಕ್ಕ ಮೂರನೆಯ ದಿನಕ್ಕೆ ಸುಳ್ಳಾಗುವುದು ಹೀಗೆ.

ನೀರಿನ ಮಾತು ಬಂದಾಗ ಉತ್ತರ ಬೆಂಗಳೂರಿನ ಯಾವ ನಿವಾಸಿಗೂ ಕಣ್ಣ ಮುಂದೆ ಬರುವುದು ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ಯಾಂಕರು. ೨೦೨೪ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ ಎಷ್ಟೋ ಬೀದಿಗಳ ಪ್ರಾಣ ಅದರ ಮೇಲೆ ನಿಂತಿತ್ತು. ನಾಲ್ಕೈದು ಸಾವಿರ ಲೀಟರ್ ನೀರನ್ನು ಹೊತ್ತ ಅದು, ಎಷ್ಟೋ ಕಡೆಗಳಲ್ಲಿ, ಒಂದೇ ಅಚ್ಚಿನ ಮೇಲೆ ನಿಂತ ಗಾಡಿ. ಅದರ ಮೂತಿಯ ಭಾರ ನೇರವಾಗಿ ಟ್ರ್ಯಾಕ್ಟರಿನ ಕೊಂಡಿಯ ಮೇಲೆ. ತುಂಬಿದ ಟ್ಯಾಂಕರಾದರೂ ಒಂದು ವಿಧದಲ್ಲಿ ವಾಸಿ, ನೀರಿಗೆ ಅಲುಗಲು ಎಡೆಯಿರುವುದಿಲ್ಲ. ಒಂದು ಮನೆಗೆ ಅರ್ಧ ಬಿಟ್ಟು ಇನ್ನೊಂದು ಮನೆಗೆ ಹೊರಟ ಟ್ಯಾಂಕರನ್ನು ಕಂಡರೆ ದಾರಿ ಬಿಡುವುದು ಲೇಸು. ಬ್ರೇಕು ಒತ್ತಿದಾಗ ನೀರೆಲ್ಲ ಮುಂದಕ್ಕೆ ನುಗ್ಗಿ ಕೊಂಡಿಯನ್ನು ಒತ್ತುತ್ತದೆ. ಏರನ್ನು ಹತ್ತುವಾಗ ನೀರು ಹಿಂದಕ್ಕೆ ಓಡಿ ಕೊಂಡಿಯನ್ನು ಮೇಲಕ್ಕೆ ಎತ್ತುತ್ತದೆ. ಹಿಂದಿನ ದೊಡ್ಡ ಚಕ್ರಗಳಿಗೆ ಹಿಡಿತ ಅತ್ಯಗತ್ಯವಾದ ಗಳಿಗೆಯಲ್ಲಿಯೇ ಅದು ತಪ್ಪುತ್ತದೆ. ಟ್ಯಾಂಕಿನ ಒಳಗೆ ಅಡ್ಡ ಹಲಗೆಗಳನ್ನು ಬೆಸೆದಿದ್ದರೆ ಈ ಓಟ ಬಹಳ ಮಟ್ಟಿಗೆ ತಗ್ಗುತ್ತದೆ. ನೀರು ತರಿಸುವ ಮನೆಯವರು ಬೆಲೆಯ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಕೇಳಿದರೆ ತಪ್ಪಾಗದು; ಟ್ಯಾಂಕರು ನಿಲ್ಲುವುದು ಅವರ ಮಕ್ಕಳು ಆಡುವ ಬೀದಿಯಲ್ಲಿಯೇ.

ಟ್ರ್ಯಾಕ್ಟರಿಗೆ ಇನ್ನೊಂದು ಸ್ವಭಾವವೂ ಉಂಟು. ಎಂಜಿನ್ ಹಿಂದಿನ ಚಕ್ರಗಳನ್ನು ಬಲವಾಗಿ ತಿರುಗಿಸುವಾಗ, ಎಳೆಯಬೇಕಾದ ಹೊರೆ ಮಿಸುಕದಿದ್ದರೆ, ಟ್ರ್ಯಾಕ್ಟರು ತನ್ನ ಹಿಂದಿನ ಅಚ್ಚಿನ ಸುತ್ತ ತಾನೇ ಮೇಲಕ್ಕೇಳಲು ನೋಡುತ್ತದೆ. ಕೊಂಡಿ ಎತ್ತರದಲ್ಲಿದ್ದಷ್ಟೂ ಈ ಅಪಾಯ ಹೆಚ್ಚು. ಆದುದರಿಂದಲೇ ಅದನ್ನು ಅಚ್ಚಿಗಿಂತ ಕೆಳಗೆ ಇರಿಸಿರುತ್ತಾರೆ. ಮಂಡ್ಯದ ಸೀಮೆಯಲ್ಲಿ ಕಬ್ಬು ಹೇರಿಕೊಂಡು ಏರು ಹತ್ತುವ ಟ್ರ್ಯಾಕ್ಟರುಗಳು ಮುಂದಿನ ಚಕ್ರಗಳನ್ನು ಗಾಳಿಯಲ್ಲಿ ತೇಲಿಸಿಕೊಂಡು ಹೋಗುವುದನ್ನು ಕೆಲವರು ಚಾಲಕನ ಗಂಡಸುತನವೆಂದು ಚಪ್ಪಾಳೆ ತಟ್ಟಿ ನೋಡುತ್ತಾರೆ. ಆ ಹೊತ್ತಿನಲ್ಲಿ ಅವನ ಕೈಯಲ್ಲಿರುವ ಸ್ಟೀರಿಂಗ್ ಯಾವುದಕ್ಕೂ ಜೋಡಿಸಿರದ ಬಳೆಯಷ್ಟೆ.

ಈ ದುರಂತಗಳಿಗೆ ಮನಮಿಡಿದವನು ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್. ನೇಗಿಲು ನೆಲದೊಳಗಿನ ಬಂಡೆಗೆ ತಗುಲಿದಾಗ ಅಂದಿನ ಟ್ರ್ಯಾಕ್ಟರುಗಳು ಹಿಂದಕ್ಕೆ ಮಗುಚಿ ಚಾಲಕನನ್ನು ಅರೆದುಬಿಡುತ್ತಿದ್ದುವು. ೧೯೩೦ರ ದಶಕದಲ್ಲಿ ಅವನು ಟ್ರ್ಯಾಕ್ಟರಿಗೂ ನೇಗಿಲಿಗೂ ಒಂದು ಕೊಂಡಿಯ ಬದಲು ಮೂರು ತೋಳುಗಳ ಸಂಬಂಧವನ್ನು ಕಲ್ಪಿಸಿ ಬಳಕೆಗೆ ತಂದನು. ಕೆಳಗಿನ ಎರಡು ತೋಳುಗಳು ಎಳೆಯುತ್ತವೆ. ಮೇಲಿನ ತೋಳು ನೇಗಿಲಿನ ಒತ್ತಡವನ್ನು ಮುಂದಕ್ಕೆ ರವಾನಿಸಿ ಟ್ರ್ಯಾಕ್ಟರಿನ ಮೂತಿಯನ್ನು ಕೆಳಗೆ ಹಿಡಿಯುತ್ತದೆ. ಭಾರ ಹಂಚುವ ಕೊಂಡಿಯ ಹಿರಿಯ ಬಂಧುವೆಂದು ಇದನ್ನು ಕರೆಯಬಹುದು. ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಬಳ್ಳಾರಿ ರಸ್ತೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಡೆಯುವ ಕೃಷಿ ಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು, ಸಾಲಾಗಿ ನಿಂತ ಟ್ರ್ಯಾಕ್ಟರುಗಳ ಹಿಂಬದಿಯಲ್ಲಿ ಈ ಮೂರು ತೋಳುಗಳನ್ನು ಮುಟ್ಟಿ ನೋಡಬಹುದು. ಹೆಬ್ಬಾಳದಲ್ಲಿ ೧೮೯೯ರಲ್ಲಿ ಮೈಸೂರು ಸಂಸ್ಥಾನದ ಪ್ರಾಯೋಗಿಕ ಕೃಷಿ ಕ್ಷೇತ್ರ ಆರಂಭವಾದಾಗ ಅಲ್ಲಿದ್ದುದು ಎತ್ತಿನ ನೇಗಿಲು. ೧೯೬೪ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ವೇಳೆಗೆ ಫರ್ಗ್ಯೂಸನ್ನನ ಮೂರು ತೋಳುಗಳು ಲೋಕವನ್ನೆಲ್ಲ ಸುತ್ತಿದ್ದುವು.

ಆದರೆ ಆ ಮೂರು ತೋಳುಗಳ ರಕ್ಷೆ ನೇಗಿಲಿಗೆ ಮಾತ್ರ. ಟ್ಯಾಂಕರನ್ನು ಕಟ್ಟುವುದು ಅದೇ ಹಳೆಯ ಕೊಂಡಿಗೆ. ಅದಕ್ಕೆ ಸ್ಪ್ರಿಂಗ್ ಸಲಾಕೆಗಳಿಲ್ಲ. ಅಲ್ಲಿರುವ ಉಪಾಯಗಳು ಮೂತಿಗೆ ತಗುಲಿಸುವ ಬೀಡು ಕಬ್ಬಿಣದ ತೂಕಗಳು ಮತ್ತು ಹೊರೆಯ ಮಿತಿ. ತೂಕಗಳನ್ನು ಬಿಚ್ಚಿ ಮೂಲೆಗೆ ಹಾಕಿದ ಟ್ರ್ಯಾಕ್ಟರುಗಳೇ ನಗರದಲ್ಲಿ ಹೆಚ್ಚಾಗಿ ಕಾಣುತ್ತವೆ ಎಂಬುದು ವಿಷಾದದ ಸಂಗತಿ.

ಹಾಗೆಂದು ಟ್ರೈಲರನ್ನು ಎಳೆಯುವ ಹವ್ಯಾಸ ಈ ನಾಡಿನಲ್ಲಿ ಯಾರಿಗೂ ಬರುವುದಿಲ್ಲವೆಂದು ಹೇಳಲಾಗದು. ಹಾಗೆ ಮನಸ್ಸು ಮಾಡುವವರು ೧೯೮೮ರ ಮೋಟಾರು ವಾಹನ ಕಾಯಿದೆಯಲ್ಲಿ ಟ್ರೈಲರೂ ಒಂದು ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು ಎಂಬುದನ್ನು ಮರೆಯಬಾರದು. ಕೊಂಡಿ ಹಾಕಿಸಿದ ಮೇಲೆ ಟೇಪಿನ ಅಳತೆಗಿಂತ ನಂಬಬಹುದಾದ ಪರೀಕ್ಷೆ ಒಂದಿದೆ. ಯಶವಂತಪುರದ ಮಾರುಕಟ್ಟೆಗೆ ಈರುಳ್ಳಿಯ ಲಾರಿಗಳು ಬರುವ ದಾರಿಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಜ್‌ಗಳಿವೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಮೋಟಾರಿನ ಮುಂದಿನ ಚಕ್ರಗಳು ಮಾತ್ರ ಹಲಗೆಯ ಮೇಲೆ ಬರುವಂತೆ ನಿಲ್ಲಿಸಿ, ಮೂರು ಸಲ ತೂಗಿಸಬೇಕು: ಟ್ರೈಲರ್ ಇಲ್ಲದೆ ಒಮ್ಮೆ, ಟ್ರೈಲರ್ ಸಿಕ್ಕಿಸಿ ಸಲಾಕೆ ಬಿಗಿಯದೆ ಒಮ್ಮೆ, ಬಿಗಿದು ಒಮ್ಮೆ. ಮೊದಲ ಚೀಟಿಯಲ್ಲಿ ೧,೨೦೦ ಕಿಲೋ ಎಂದಿದ್ದು, ಎರಡನೆಯದರಲ್ಲಿ ೧,೦೮೦ಕ್ಕೆ ಇಳಿದು, ಮೂರನೆಯದರಲ್ಲಿ ೧,೧೮೦ಕ್ಕೆ ಮರಳಿದ್ದರೆ ಸಲಾಕೆಗಳು ಸರಿಯಾಗಿ ಕೆಲಸ ಮಾಡುತ್ತಿವೆ. ಮೂರನೆಯದು ೧,೨೦೦ನ್ನು ಮೀರಿದ್ದರೆ ಸರಪಣಿಯ ಒಂದು ಕಣ್ಣಿಯನ್ನು ಸಡಿಲಿಸಿ ಇನ್ನೊಮ್ಮೆ ತೂಗಿಸಬೇಕು.